ತಾಯಂದಿರ ಬಂಧು ಸೆಮ್ಮೆಲ್‌ವೈಸ್

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ನೋವು ತೋರಿದ ಗಳಿಗೆಯಿಂದ ಮಗು ಹುಟ್ಟುವವರೆಗೂ ತಾಯಿಯ ಬಳಿಯಲ್ಲಿ ಅರಿತವರೊಬ್ಬರು ಇರಲೇಬೇಕು. ನಮ್ಮ ಹಳ್ಳಿಗಳಲ್ಲಿ ಸೂಲಗಿತ್ತಿಯೂ ಆಸ್ಪತ್ರೆಗಳಲ್ಲಿ ದಾದಿಯರೂ ವೈದ್ಯರೂ ಈ ಹೊಣೆಯನ್ನು ಹೊತ್ತವರು. ಹೆರಿಗೆ ಸರಿಯಾದ ಹಾದಿಯಲ್ಲಿ ಸಾಗುತ್ತಿದೆಯೇ, ಎಲ್ಲಿಯಾದರೂ ತಡೆಯುಂಟಾಗಿದೆಯೇ ಎಂಬುದನ್ನು ಅವರು ಗಳಿಗೆ ಗಳಿಗೆಗೂ ಗಮನಿಸುತ್ತಾರೆ. ಹೀಗೆ ಗಮನಿಸಲು ಅವರಿಗಿರುವ ಮುಖ್ಯವಾದ ಸಾಧನ ಅವರ ಕೈ. ತಾಯಿಯನ್ನೂ ಮಗುವನ್ನೂ ಕಾಪಾಡಬೇಕಾದ ಆ ಕೈಯೇ ಒಂದು ಕಾಲದಲ್ಲಿ ಸಾವಿರಾರು ತಾಯಂದಿರ ಸಾವಿಗೆ ಕಾರಣವಾಗುತ್ತಿತ್ತು. ಅದನ್ನು ಕಂಡುಹಿಡಿದು, ಆ ಸಾವನ್ನು ತಡೆಯುವ ಸುಲಭೋಪಾಯವನ್ನು ತೋರಿಸಿಕೊಟ್ಟ ಮಹನೀಯನೇ ಇಗ್ನಾಜ್ ಸೆಮ್ಮೆಲ್‌ವೈಸ್.

ಸೆಮ್ಮೆಲ್‌ವೈಸ್ ಹಂಗೆರಿ ದೇಶದ ಬುಡಾ ನಗರದಲ್ಲಿ 1818ನೆಯ ಇಸವಿ ಜುಲೈ 1ರಂದು ಜನಿಸಿದನು. ಡ್ಯಾನ್ಯೂಬ್ ನದಿಯ ಒಂದು ದಡದಲ್ಲಿ ಬುಡಾ, ಇನ್ನೊಂದು ದಡದಲ್ಲಿ ಪೆಸ್ಟ್. ಈ ಎರಡು ನಗರಗಳೂ ಮುಂದೆ ಒಂದಾಗಿ ಬುಡಾಪೆಸ್ಟ್ ಎಂದು ಹೆಸರಾದುವು. ಆತನ ತಂದೆ ದಿನಸಿ ಸಾಮಾನುಗಳ ವ್ಯಾಪಾರಿ. ಮನೆಯಲ್ಲಿ ಅನುಕೂಲಕ್ಕೆ ಕೊರತೆಯಿರಲಿಲ್ಲ. 1837ರಲ್ಲಿ ಮಗನು ಕಾನೂನು ವ್ಯಾಸಂಗಕ್ಕಾಗಿ ವಿಯೆನ್ನಾ ನಗರಕ್ಕೆ ಹೋದನು. ಆದರೆ ಆತನ ಮನಸ್ಸು ಕಾನೂನಿನಲ್ಲಿ ನೆಲೆಗೊಳ್ಳಲಿಲ್ಲ. ಮರುವರ್ಷವೇ ಆತನು ವೈದ್ಯಶಾಸ್ತ್ರದ ಕಡೆಗೆ ತಿರುಗಿದನು. 1844ರಲ್ಲಿ ವೈದ್ಯ ಪದವಿಯನ್ನು ಪಡೆದು, ಹೆರಿಗೆಶಾಸ್ತ್ರವನ್ನು ತನ್ನ ಕಾರ್ಯಕ್ಷೇತ್ರವನ್ನಾಗಿ ಆರಿಸಿಕೊಂಡನು.

ಆ ಕಾಲದಲ್ಲಿ ವಿಯೆನ್ನಾ ಯುರೋಪಿನ ವೈದ್ಯವಿದ್ಯೆಗೆ ಹೆಸರಾದ ಕೇಂದ್ರವಾಗಿತ್ತು. ಅಲ್ಲಿಯ ಸಾರ್ವಜನಿಕ ಆಸ್ಪತ್ರೆಯನ್ನು ಚಕ್ರವರ್ತಿ ಎರಡನೆಯ ಜೋಸೆಫನು 1784ರಲ್ಲಿ ತೆರೆದಿದ್ದನು. ರೊಕಿಟಾನ್ಸ್ಕಿ, ಸ್ಕೋಡಾ, ಹೆಬ್ರಾ ಮೊದಲಾದ ಪ್ರಸಿದ್ಧ ಪಂಡಿತರು ಅಲ್ಲಿ ಪಾಠ ಹೇಳುತ್ತಿದ್ದರು. ರೋಗಿಯು ಸತ್ತ ಬಳಿಕ ಶವವನ್ನು ಸೀಳಿ ಪರೀಕ್ಷಿಸಿ, ರೋಗವು ದೇಹದೊಳಗೆ ಮಾಡಿದ ಹಾನಿಯನ್ನು ಕಣ್ಣಾರೆ ಕಂಡು ತಿಳಿಯಬೇಕೆಂಬುದು ರೊಕಿಟಾನ್ಸ್ಕಿಯ ಮಾರ್ಗ. ಇದರಿಂದ ವೈದ್ಯವಿಜ್ಞಾನಕ್ಕೆ ಅಪಾರವಾದ ಲಾಭವಾಯಿತು. ಸೆಮ್ಮೆಲ್‌ವೈಸನೂ ಈ ಮಾರ್ಗವನ್ನು ಶ್ರದ್ಧೆಯಿಂದ ಅನುಸರಿಸಿದನು. ಪ್ರತಿದಿನ ಬೆಳಗ್ಗೆ ವಾರ್ಡಿಗೆ ಹೋಗುವುದಕ್ಕೆ ಮೊದಲು ಶವಾಗಾರಕ್ಕೆ ಹೋಗಿ, ಸತ್ತ ಬಾಣಂತಿಯರ ದೇಹಗಳನ್ನು ಪರೀಕ್ಷಿಸುವುದು ಆತನ ನಿತ್ಯದ ನೇಮವಾಗಿತ್ತು.

1846ರ ಜುಲೈ ತಿಂಗಳಲ್ಲಿ ಆತನು ಆ ಆಸ್ಪತ್ರೆಯ ಮೊದಲನೆಯ ಹೆರಿಗೆ ವಿಭಾಗದಲ್ಲಿ ಪ್ರೊಫೆಸರ್ ಕ್ಲೈನನ ಸಹಾಯಕನಾಗಿ ನೇಮಕಗೊಂಡನು. ಅಲ್ಲಿ ಹೆರಿಗೆ ವಿಭಾಗಗಳು ಎರಡಿದ್ದುವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳಿಗೂ ಎರಡನೆಯದರಲ್ಲಿ ಸೂಲಗಿತ್ತಿಯರಿಗೂ ಶಿಕ್ಷಣ ಕೊಡಲಾಗುತ್ತಿತ್ತು. ಗರ್ಭಿಣಿಯರನ್ನು ಒಂದು ದಿನ ಒಂದು ವಿಭಾಗಕ್ಕೂ ಮರುದಿನ ಮತ್ತೊಂದಕ್ಕೂ ಸೇರಿಸಿಕೊಳ್ಳುವುದು ಪದ್ಧತಿ. ಬರುತ್ತಿದ್ದವರಲ್ಲಿ ಬಹುಮಂದಿ ಬಡವರು, ಬೇರೆ ಆಸರೆಯಿಲ್ಲದವರು. ಎರಡು ವಿಭಾಗಗಳೂ ಒಂದೇ ಆವರಣದಲ್ಲಿದ್ದುವು. ಗಾಳಿ, ನೀರು, ಆಹಾರ ಯಾವುದರಲ್ಲಿಯೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದರೂ ಸಾವಿನ ಲೆಕ್ಕದಲ್ಲಿ ಮಾತ್ರ ಅವೆರಡಕ್ಕೂ ಅಜಗಜಾಂತರ.

1846ನೆಯ ಒಂದೇ ವರ್ಷದಲ್ಲಿ ಮೊದಲನೆಯ ವಿಭಾಗದಲ್ಲಿ 4,010 ಹೆರಿಗೆಗಳಾಗಿ, 459 ತಾಯಂದಿರು ಸತ್ತರು. ಅದೇ ವರ್ಷ ಎರಡನೆಯ ವಿಭಾಗದಲ್ಲಿ 3,754 ಹೆರಿಗೆಗಳಾಗಿ, 105 ಮಂದಿ ಸತ್ತರು. ಎಂದರೆ ಒಂದು ಕಡೆ ನೂರಕ್ಕೆ 11ಕ್ಕಿಂತ ಹೆಚ್ಚು. ಇನ್ನೊಂದು ಕಡೆ ನೂರಕ್ಕೆ 3ಕ್ಕಿಂತ ಕಡಿಮೆ. ಇವರಲ್ಲಿ ಹೆಚ್ಚಿನವರನ್ನು ಬಲಿ ತೆಗೆದುಕೊಂಡದ್ದು ಬಾಣಂತಿ ಜ್ವರ. ಹೆರಿಗೆಯಾದ ಒಂದೆರಡು ದಿನಗಳಲ್ಲಿ ಚಳಿ ಹುಟ್ಟಿ, ಜ್ವರವೇರಿ, ಹೊಟ್ಟೆ ಉಬ್ಬಿ, ಸಹಿಸಲಾರದ ನೋವಿನಿಂದ ನರಳಿ ತಾಯಿ ಸಾಯುತ್ತಿದ್ದಳು. ಎಷ್ಟೋ ವೇಳೆ ಹಸುಗೂಸೂ ಅವಳನ್ನು ಹಿಂಬಾಲಿಸುತ್ತಿತ್ತು. ಮೊದಲನೆಯ ವಿಭಾಗದ ಕೀರ್ತಿ ಊರಿನ ಹೆಂಗಸರಿಗೆಲ್ಲ ಗೊತ್ತಿತ್ತು. ತಮ್ಮನ್ನು ಅಲ್ಲಿಗೆ ಸೇರಿಸಬೇಡಿರೆಂದು ಅವರು ಮೊಣಕಾಲೂರಿ ಕೈಮುಗಿದು ಬೇಡುತ್ತಿದ್ದರು. ದಾರಿಯಲ್ಲೇ ಹೆತ್ತು ಮಗುವನ್ನು ಎತ್ತಿಕೊಂಡು ಬಂದವರೂ ಉಂಟು. ಬೀದಿಯಲ್ಲಿ ಹೆತ್ತು ಬಂದ ಇಂಥ ತಾಯಂದಿರಿಗೆ ಜ್ವರ ತಗುಲುವುದು ಅಪರೂಪವಾಗಿತ್ತು. ವೈದ್ಯರ ನೆರವಿನಲ್ಲಿ ಹೆತ್ತವಳಿಗಿಂತ ಬೀದಿಯಲ್ಲಿ ಹೆತ್ತವಳೇ ಕ್ಷೇಮವಾಗಿರುವುದೆಂದರೇನು? ಈ ಪ್ರಶ್ನೆ ಸೆಮ್ಮೆಲ್‌ವೈಸನ ನಿದ್ದೆಯನ್ನು ಕೆಡಿಸಿತು.

ಈ ಸಾವುಗಳಿಗೆ ಹಿರಿಯ ವೈದ್ಯರು ಹಲವು ಕಾರಣಗಳನ್ನು ಹೇಳುತ್ತಿದ್ದರು. ವಾತಾವರಣದಲ್ಲಿ ಸೇರಿರುವ ಯಾವುದೋ ವಿಷಗಾಳಿಯಿಂದ ಜ್ವರ ಬರುತ್ತದೆಂಬುದು ಬಲವಾದ ನಂಬಿಕೆ. ಹಾಗಾದರೆ ಒಂದೇ ಆವರಣದ ಎರಡು ವಿಭಾಗಗಳಲ್ಲಿ ಒಂದಕ್ಕೆ ಮಾತ್ರ ಆ ಗಾಳಿ ನುಗ್ಗುವುದು ಹೇಗೆ? ಜನಸಂದಣಿಯೇ ಕಾರಣವೆಂದು ಕೆಲವರ ವಾದ. ಆದರೆ ಹೆಂಗಸರು ಹಾತೊರೆದು ಬರುತ್ತಿದ್ದ ಎರಡನೆಯ ವಿಭಾಗದಲ್ಲಿಯೇ ಸಂದಣಿ ಹೆಚ್ಚು. ಸಾಯುವವರಿಗೆ ಕೊನೆಯ ಸಂಸ್ಕಾರವನ್ನು ನೀಡಲು ಬರುವ ಪಾದ್ರಿಯ ಗಂಟೆಯ ಸದ್ದಿಗೆ ಹೆದರಿ ಬಾಣಂತಿಯರು ಜ್ವರಕ್ಕೆ ತುತ್ತಾಗುತ್ತಾರೆಂದು ಮತ್ತೆ ಕೆಲವರು ಹೇಳಿದರು. ಸೆಮ್ಮೆಲ್‌ವೈಸನು ಪಾದ್ರಿಯನ್ನು ಒಪ್ಪಿಸಿ, ಗಂಟೆಯಿಲ್ಲದೆ ಬೇರೆ ದಾರಿಯಲ್ಲಿ ಬರುವಂತೆ ಮಾಡಿದನು. ಸಾವು ಕಡಿಮೆಯಾಗಲಿಲ್ಲ. ಎರಡನೆಯ ವಿಭಾಗದಲ್ಲಿ ಹೆರುವಾಗ ಹೆಂಗಸರು ಮಗ್ಗುಲಾಗಿ ಮಲಗುತ್ತಿದ್ದರು. ಮೊದಲನೆಯದರಲ್ಲಿಯೂ ಅದೇ ಕ್ರಮವನ್ನು ತಂದನು. ಅದರಿಂದಲೂ ಪ್ರಯೋಜನವಾಗಲಿಲ್ಲ. ಹೀಗೆ ಒಂದೊಂದೇ ಕಾರಣವನ್ನು ಒರೆಗೆ ಹಚ್ಚಿ ನೋಡಿ, ಸಲ್ಲದುದನ್ನು ಬದಿಗೆ ಸರಿಸುತ್ತ ಹೋದನು.

ಆತನ ಗಮನಕ್ಕೆ ಬಂದ ಇನ್ನೊಂದು ಸಂಗತಿ ಬಹಳ ಮುಖ್ಯವಾದುದು. ಅದನ್ನು ಅರಿಯಬೇಕಾದರೆ ಹೆರಿಗೆಯ ಪ್ರಗತಿಯನ್ನು ಆಗ ಹೇಗೆ ನೋಡುತ್ತಿದ್ದರೆಂಬುದನ್ನು ತಿಳಿಯಬೇಕು. ನೋವು ಎಷ್ಟು ಹೊತ್ತಿಗೊಮ್ಮೆ ಬರುತ್ತಿದೆ, ಬಂದದ್ದು ಎಷ್ಟು ಹೊತ್ತು ನಿಲ್ಲುತ್ತಿದೆ ಎಂಬುದನ್ನು ಹೊಟ್ಟೆಯ ಮೇಲೆ ಕೈಯಿಟ್ಟು ತಿಳಿಯುತ್ತಿದ್ದರು. ಮಗು ಯಾವ ಭಂಗಿಯಲ್ಲಿದೆ, ಅದರ ತಲೆ ಎಷ್ಟು ಕೆಳಕ್ಕಿಳಿದಿದೆ ಎಂಬುದನ್ನೂ ಕೈಯಿಂದಲೇ ಗುರುತಿಸುತ್ತಿದ್ದರು. ಸ್ಟೆತಸ್ಕೋಪನ್ನು ತಾಯಿಯ ಹೊಟ್ಟೆಗೆ ಇಟ್ಟರೆ ಮಗುವಿನ ಎದೆಬಡಿತವನ್ನು ಕೇಳಬಹುದೆಂದು ಫ್ರಾನ್ಸಿನ ಕೆರ್ಗರಾಡೆಕ್ ಎಂಬ ವೈದ್ಯನು 1821ರಲ್ಲಿ ತಿಳಿಸಿಕೊಟ್ಟಿದ್ದನು. ಆದರೆ ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಎಂಬುದನ್ನು ತಿಳಿಯಲು ಬೆರಳುಗಳನ್ನು ಒಳಗಿಟ್ಟು ಮುಟ್ಟಿ ನೋಡುವುದೊಂದೇ ದಾರಿ. ಹೆರಿಗೆ ಮುಂದುವರಿದಿದೆಯೋ ನಿಂತಿದೆಯೋ ಎಂಬ ನಿರ್ಧಾರಕ್ಕೆ ಈ ಪರೀಕ್ಷೆಯೇ ಆಧಾರ. ಶಿಕ್ಷಣದ ಆಸ್ಪತ್ರೆಯಾದುದರಿಂದ ಒಬ್ಬ ತಾಯಿಯನ್ನು ಒಬ್ಬರಾದ ಮೇಲೆ ಒಬ್ಬರಂತೆ ಹಲವು ವಿದ್ಯಾರ್ಥಿಗಳು ಹೀಗೆ ಪರೀಕ್ಷಿಸುತ್ತಿದ್ದರು.

ಚೊಚ್ಚಲ ಬಸುರಿಯರಲ್ಲಿ ಗರ್ಭಕೋಶದ ಬಾಯಿ ತೆರೆಯಲು ಹೆಚ್ಚು ಕಾಲ ಹಿಡಿಯುತ್ತದೆ. ಕೆಲವರಲ್ಲಿ ಒಂದು ದಿನ, ಎರಡು ದಿನ ಹಿಡಿಯುವುದೂ ಉಂಟು. ಮೊದಲನೆಯ ವಿಭಾಗದಲ್ಲಿ ಹೀಗೆ ನೋವು ಎಳೆದವರು ಹೆಚ್ಚು ಕಡಿಮೆ ಎಲ್ಲರೂ ಜ್ವರಕ್ಕೆ ಬಲಿಯಾಗುತ್ತಿದ್ದುದನ್ನು ಸೆಮ್ಮೆಲ್‌ವೈಸನು ಕಂಡನು. ಎಳೆಯ ವಯಸ್ಸಿನ, ಗಟ್ಟಿಮುಟ್ಟಾದ ಹೆಣ್ಣುಮಕ್ಕಳೇ ಆದರೂ ಅವರಿಗೆ ಉಳಿಗಾಲವಿರಲಿಲ್ಲ. ಎರಡನೆಯ ವಿಭಾಗದಲ್ಲಿಯಾದರೋ ಅಷ್ಟೇ ಹೊತ್ತು ನೋವುಂಡವರು ಮಗುವಿನೊಡನೆ ಸುಖವಾಗಿ ಮನೆಗೆ ಹೋಗುತ್ತಿದ್ದರು. ಹೆರಿಗೆ ತಡವಾಗುವುದೇ ಮರಣಕ್ಕೆ ಕಾರಣವಾಗಿದ್ದರೆ ಎರಡೂ ಕಡೆ ಒಂದೇ ಫಲ ಕಾಣಬೇಕಾಗಿತ್ತು. ಆದುದರಿಂದ ತಡವಾದ ಆ ಹೊತ್ತಿನಲ್ಲಿ ಮೊದಲನೆಯ ವಿಭಾಗದಲ್ಲಿ ಮಾತ್ರ ಬೇರೇನೋ ನಡೆಯುತ್ತಿರಬೇಕು. ಅದೇನೆಂಬುದು ಮಾತ್ರ ಆತನಿಗೆ ಹೊಳೆಯಲಿಲ್ಲ.

1847ರ ಮಾರ್ಚಿಯಲ್ಲಿ ಆತನು ಮನಸ್ಸಿನ ಬೇಸರವನ್ನು ಕಳೆಯಲು ವೆನಿಸ್ ನಗರಕ್ಕೆ ಪ್ರವಾಸ ಹೋದನು. ಹಿಂತಿರುಗಿದಾಗ ಒಂದು ದುಃಖದ ವಾರ್ತೆ ಆತನನ್ನು ಕಾದಿತ್ತು. ಆತನ ಪ್ರೀತಿಯ ಗೆಳೆಯನೂ ನ್ಯಾಯವೈದ್ಯಶಾಸ್ತ್ರದ ಪ್ರಾಧ್ಯಾಪಕನೂ ಆಗಿದ್ದ ಯಾಕೋಬ್ ಕೊಲೆಚ್ಕನು ತೀರಿಕೊಂಡಿದ್ದನು. ಶವವನ್ನು ಸೀಳುತ್ತಿದ್ದಾಗ ವಿದ್ಯಾರ್ಥಿಯೊಬ್ಬನ ಕತ್ತಿಯ ಮೊನೆ ಕೊಲೆಚ್ಕನ ಬೆರಳಿಗೆ ತಗುಲಿತ್ತು. ಆ ಸಣ್ಣ ಗಾಯದಿಂದ ಜ್ವರವೇರಿ ಕೆಲವೇ ದಿನಗಳಲ್ಲಿ ಆತನ ಪ್ರಾಣ ಹೋಗಿತ್ತು. ಸೆಮ್ಮೆಲ್‌ವೈಸನು ಆತನ ಶವಪರೀಕ್ಷೆಯ ವರದಿಯನ್ನು ಓದಿದನು. ಓದುತ್ತ ಓದುತ್ತ ಸ್ತಬ್ಧನಾದನು. ಎದೆಗೂಡಿನ ಪೊರೆ, ಹೊಟ್ಟೆಯ ಪೊರೆ, ಮಿದುಳಿನ ಪೊರೆಗಳಲ್ಲಿ ಕಂಡುಬಂದ ವಿಕಾರಗಳೆಲ್ಲವೂ ತಾನು ಪ್ರತಿದಿನ ಬಾಣಂತಿಯರ ಶವಗಳಲ್ಲಿ ಕಾಣುತ್ತಿದ್ದ ವಿಕಾರಗಳೇ ಆಗಿದ್ದುವು. ಗೆಳೆಯನನ್ನು ಕೊಂದ ರೋಗವೂ ಬಾಣಂತಿಯರನ್ನು ಕೊಲ್ಲುತ್ತಿದ್ದ ರೋಗವೂ ಒಂದೇ!

ಗೆಳೆಯನ ದೇಹಕ್ಕೆ ಶವದ ಕಣಗಳನ್ನು ಸೇರಿಸಿದ್ದು ಕತ್ತಿ. ಬಾಣಂತಿಯರ ದೇಹಕ್ಕೆ ಅವನ್ನು ಸೇರಿಸಿದ್ದು ಯಾವುದು? ಉತ್ತರ ಮಿಂಚಿನಂತೆ ಹೊಳೆಯಿತು. ವೈದ್ಯರೂ ವಿದ್ಯಾರ್ಥಿಗಳೂ ಶವಾಗಾರದಿಂದ ನೇರವಾಗಿ ಹೆರಿಗೆಯ ವಾರ್ಡಿಗೆ ಬರುತ್ತಿದ್ದರು. ಕೈಯನ್ನು ಸಾಬೂನು ಹಚ್ಚಿ ತೊಳೆದರೂ ಶವದ ನಾತ ಬೆರಳುಗಳಲ್ಲಿ ಉಳಿಯುತ್ತಿತ್ತು. ಅದೇ ಬೆರಳುಗಳಿಂದ ಅವರು ನೋವುಣ್ಣುವ ಹೆಂಗಸರನ್ನು ಪರೀಕ್ಷಿಸುತ್ತಿದ್ದರು. ಸೂಲಗಿತ್ತಿಯರಿಗೆ ಶವಾಗಾರದ ಕೆಲಸವಿರಲಿಲ್ಲ. ಆದುದರಿಂದ ಎರಡನೆಯ ವಿಭಾಗದಲ್ಲಿ ಸಾವು ಕಡಿಮೆ. ಬೀದಿಯಲ್ಲಿ ಹೆತ್ತವರನ್ನು ಯಾರೂ ಪರೀಕ್ಷಿಸುತ್ತಿರಲಿಲ್ಲ. ಆದುದರಿಂದ ಅವರು ಬದುಕುತ್ತಿದ್ದರು. ಹೆರಿಗೆ ತಡವಾದಷ್ಟೂ ಪರೀಕ್ಷೆಗಳು ಹೆಚ್ಚು. ಪರೀಕ್ಷೆಗಳು ಹೆಚ್ಚಿದಷ್ಟೂ ವಿಷದ ಸೋಂಕು ಹೆಚ್ಚು. ಬಿಡಿಬಿಡಿಯಾಗಿದ್ದ ಒಗಟುಗಳೆಲ್ಲವೂ ಒಂದೇ ಉತ್ತರದಲ್ಲಿ ಬಿಡಿಸಿಕೊಂಡುವು.

ಆದರೆ ಈ ಉತ್ತರ ಎಂಥ ಉತ್ತರ! ಶವಗಳನ್ನು ಎಲ್ಲರಿಗಿಂತ ಹೆಚ್ಚಾಗಿ ಪರೀಕ್ಷಿಸುತ್ತಿದ್ದವನು ಆತನೇ. ಕೆಲವು ತಿಂಗಳ ಕಾಲ ಆತನ ಸ್ಥಾನದಲ್ಲಿ ಬೇರೊಬ್ಬ ಸಹಾಯಕನಿದ್ದಾಗ ಸಾವು ಇಳಿದು, ಆತನು ಮರಳಿ ಬಂದಾಗ ಮತ್ತೆ ಏರಿತ್ತು. ಯಾವ ತಾಯಂದಿರ ಸಾವಿನ ಕಾರಣವನ್ನು ಅರಸುತ್ತ ಆತನು ಬೆಳಗಿನಿಂದ ಶವಾಗಾರದಲ್ಲಿ ದುಡಿಯುತ್ತಿದ್ದನೋ ಆ ದುಡಿಮೆಯೇ ಇನ್ನಷ್ಟು ತಾಯಂದಿರ ಸಾವಿಗೆ ಕಾರಣವಾಗಿತ್ತು. ಇಂಥ ಸತ್ಯವನ್ನು ಕಂಡವನು ಕಣ್ಣು ಮುಚ್ಚಿಕೊಳ್ಳಬಹುದಾಗಿತ್ತು. ಯಾರೂ ಆತನನ್ನು ಕೇಳುತ್ತಿರಲಿಲ್ಲ. ಸೆಮ್ಮೆಲ್‌ವೈಸನು ಹಾಗೆ ಮಾಡಲಿಲ್ಲ. ತನ್ನಿಂದ ಎಷ್ಟು ಮಂದಿ ಅಕಾಲದಲ್ಲಿ ಸಮಾಧಿ ಸೇರಿದರೆಂಬುದು ದೇವರಿಗೇ ಗೊತ್ತೆಂದು ಮುಂದೆ ತನ್ನ ಗ್ರಂಥದಲ್ಲಿ ಮರೆಮಾಚದೆ ಒಪ್ಪಿಕೊಂಡನು. ಎಷ್ಟೇ ನೋವಿನದಾದರೂ ಸತ್ಯವನ್ನು ಎಲ್ಲರಿಗೂ ತಿಳಿಸಬೇಕು, ಮುಂದಿನ ಸಾವನ್ನಾದರೂ ತಡೆಯಬೇಕು ಎಂಬುದು ಆತನ ನಿಲುವಾಗಿತ್ತು.

1847ರ ಮೇ ತಿಂಗಳ ನಡುವಿನಲ್ಲಿ ಆತನು ಹೊಸ ನಿಯಮವೊಂದನ್ನು ಜಾರಿಗೆ ತಂದನು. ವಾರ್ಡಿನ ಬಾಗಿಲಲ್ಲಿ ಕ್ಲೋರಿನ್ ದ್ರಾವಣದ ಬೋಗುಣಿಯನ್ನು ಇರಿಸಿದನು. ಒಳಗೆ ಬರುವವರೆಲ್ಲರೂ ಅದರಲ್ಲಿ ಕೈಯನ್ನು ಚೆನ್ನಾಗಿ ಉಜ್ಜಿ ತೊಳೆದ ಮೇಲೆಯೇ ತಾಯಂದಿರನ್ನು ಮುಟ್ಟಬೇಕು. ಶವದ ನಾತವನ್ನು ಕ್ಲೋರಿನ್ ಹೋಗಲಾಡಿಸುತ್ತದೆ. ನಾತ ಹೋದರೆ ಅದಕ್ಕೆ ಮೂಲವಾದ ಕಣಗಳೂ ಹೋಗುತ್ತವೆ ಎಂಬುದು ಆತನ ತರ್ಕ. ದ್ರಾವಣದ ಬೆಲೆ ಹೆಚ್ಚೆಂದು ಕಂಡುಬಂದಾಗ ಅಗ್ಗವಾದ ಚೆಲುವೆ ಪುಡಿಯ ನೀರನ್ನು ಬಳಸತೊಡಗಿದನು. ಫಲ ಕಣ್ಣಿಗೆ ಕಟ್ಟುವಂತೆ ಕಾಣಿಸಿತು. ಏಪ್ರಿಲ್ ತಿಂಗಳಲ್ಲಿ 312 ಹೆರಿಗೆಗಳಲ್ಲಿ 57 ಮಂದಿ ಸತ್ತಿದ್ದರು. ಜೂನ್ ತಿಂಗಳಲ್ಲಿ 268 ಹೆರಿಗೆಗಳಲ್ಲಿ ಸತ್ತವರು 6 ಮಂದಿ. ಜುಲೈಯಲ್ಲಿ 250ರಲ್ಲಿ ಕೇವಲ 3 ಮಂದಿ.

ಆದರೂ ಆತನ ಕಲಿಕೆ ಅಲ್ಲಿಗೆ ಮುಗಿಯಲಿಲ್ಲ. ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಗರ್ಭಕೋಶದ ಕ್ಯಾನ್ಸರಿನಿಂದ ಕೀವು ಸೋರುತ್ತಿದ್ದ ಒಬ್ಬ ಹೆಂಗಸು ವಾರ್ಡಿನ ಮೊದಲನೆಯ ಹಾಸಿಗೆಯಲ್ಲಿದ್ದಳು. ವೈದ್ಯರು ಮೊದಲು ಅವಳನ್ನು ಪರೀಕ್ಷಿಸಿ, ಬಳಿಕ ಕೈಯನ್ನು ಸಾಬೂನಿನಿಂದ ಮಾತ್ರ ತೊಳೆದು ಉಳಿದವರನ್ನು ಪರೀಕ್ಷಿಸಿದರು. ಆಗ ಅವಳೊಡನೆ ಹೆರಿಗೆಗೆ ಕಾದಿದ್ದ 12 ಮಂದಿಯಲ್ಲಿ 11 ಮಂದಿ ಸತ್ತರು. ಇದರಿಂದ ಸೆಮ್ಮೆಲ್‌ವೈಸನಿಗೆ ಇನ್ನೊಂದು ಪಾಠ ದೊರೆಯಿತು. ವಿಷವು ಶವದಿಂದ ಮಾತ್ರವಲ್ಲ, ಬದುಕಿರುವ ರೋಗಿಯಿಂದಲೂ ಬರುತ್ತದೆ. ಅಂದಿನಿಂದ ಒಬ್ಬರನ್ನು ಮುಟ್ಟಿದ ಮೇಲೆ ಇನ್ನೊಬ್ಬರನ್ನು ಮುಟ್ಟುವುದಕ್ಕೆ ಮೊದಲು ಪ್ರತಿಸಲವೂ ಕ್ಲೋರಿನ್ ನೀರಿನಲ್ಲಿ ಕೈತೊಳೆಯಬೇಕೆಂದು ವಿಧಿಸಿದನು. 1848ರಲ್ಲಿ ಮೊದಲನೆಯ ವಿಭಾಗದ 3,556 ಹೆರಿಗೆಗಳಲ್ಲಿ ಸತ್ತವರು 45 ಮಂದಿ. ಎರಡನೆಯ ವಿಭಾಗದ 3,219ರಲ್ಲಿ 43 ಮಂದಿ. ವಿಭಾಗಗಳೆರಡರ ನಡುವಿನ ಅಂತರ ಇಲ್ಲವಾಯಿತು. ಆ ವರ್ಷ ಎರಡು ತಿಂಗಳು ಮೊದಲನೆಯ ವಿಭಾಗದಲ್ಲಿ ಒಬ್ಬ ತಾಯಿಯೂ ಸಾಯಲಿಲ್ಲ.

ಆತನು ಆಸ್ಪತ್ರೆಯ ಹಳೆಯ ದಾಖಲೆಗಳನ್ನೂ ತೆಗೆದು ನೋಡಿದನು. ಆಸ್ಪತ್ರೆ ಆರಂಭವಾದ 1784ರಿಂದ 1822ರವರೆಗೆ 71,395 ಹೆರಿಗೆಗಳಲ್ಲಿ ಸತ್ತವರು 897 ಮಂದಿ ಮಾತ್ರ. ಶವಪರೀಕ್ಷೆಯ ಪದ್ಧತಿ ರೂಢಿಗೆ ಬಂದ ಬಳಿಕ ಸಾವು ಹಲವು ಪಟ್ಟು ಹೆಚ್ಚಿತ್ತು. ಅಂಕಿಗಳು ಎಲ್ಲ ವೈದ್ಯರಿಗೂ ದೊರೆಯುವಂತೆಯೇ ಇದ್ದುವು. ಅವುಗಳ ಅರ್ಥವನ್ನು ಕೇಳಿದವನು ಸೆಮ್ಮೆಲ್‌ವೈಸನೊಬ್ಬನೇ.

ಇಷ್ಟು ಸ್ಪಷ್ಟವಾದ ಸಾಕ್ಷ್ಯವಿದ್ದರೂ ವೈದ್ಯಲೋಕವು ಆತನ ಮಾತನ್ನು ಒಪ್ಪಲಿಲ್ಲ. ಹೆಬ್ರಾ, ಸ್ಕೋಡಾ, ರೊಕಿಟಾನ್ಸ್ಕಿ ಇವರು ಆತನ ಬೆಂಬಲಕ್ಕೆ ನಿಂತರು. ಹೆಬ್ರಾನು 1847ರ ಕೊನೆಯಲ್ಲಿ ಈ ಶೋಧವನ್ನು ಪತ್ರಿಕೆಯಲ್ಲಿ ಪ್ರಕಟಿಸಿದನು. ಆದರೆ ಬಹುಮಂದಿ ವೈದ್ಯರಿಗೆ ತಮ್ಮ ಕೈಯೇ ಸಾವನ್ನು ಹೊತ್ತು ತರುತ್ತದೆಂಬ ಮಾತು ಅವಮಾನವಾಗಿ ತೋರಿತು. ರೋಗವನ್ನು ಹರಡುವ ಸೂಕ್ಷ್ಮಾಣುಗಳ ವಿಚಾರ ಆಗಿನ್ನೂ ಸಿದ್ಧವಾಗಿರಲಿಲ್ಲ. ಕಣ್ಣಿಗೆ ಕಾಣದ ಕಣಗಳು ಆರೋಗ್ಯವಂತಳನ್ನು ಕೊಲ್ಲುವುದು ಹೇಗೆಂಬ ಪ್ರಶ್ನೆಗೆ ಆತನಲ್ಲಿ ಪೂರ್ಣವಾದ ಉತ್ತರವಿರಲಿಲ್ಲ. ಸ್ಕಾಟ್ಲೆಂಡಿನ ಅಬರ್‌ಡೀನಿನಲ್ಲಿ ಅಲೆಗ್ಸಾಂಡರ್ ಗಾರ್ಡನ್ ಎಂಬಾತನು 1795ರಲ್ಲಿಯೂ ಅಮೆರಿಕದಲ್ಲಿ ಆಲಿವರ್ ವೆಂಡೆಲ್ ಹೋಮ್ಸನು 1843ರಲ್ಲಿಯೂ ಬಾಣಂತಿ ಜ್ವರವನ್ನು ವೈದ್ಯರೂ ಸೂಲಗಿತ್ತಿಯರೂ ಒಬ್ಬರಿಂದೊಬ್ಬರಿಗೆ ಒಯ್ಯುತ್ತಾರೆಂದು ಬರೆದಿದ್ದರು. ಅವರಿಗೂ ದೊರೆತದ್ದು ವಿರೋಧವೇ.

ಸೆಮ್ಮೆಲ್‌ವೈಸನ ಕಡೆಯಿಂದಲೂ ಒಂದು ಲೋಪವಾಯಿತು. ಆತನಿಗೆ ಬರವಣಿಗೆಯಲ್ಲಿ ಒಲವಿರಲಿಲ್ಲ. ತನ್ನ ಪ್ರಯೋಗದ ವಿವರಗಳನ್ನು ತಾನೇ ಕ್ರಮವಾಗಿ ಬರೆದು ಪ್ರಕಟಿಸದೆ ಹತ್ತು ವರ್ಷಗಳಿಗೂ ಹೆಚ್ಚು ಕಾಲವನ್ನು ಕಳೆದನು. ಆದ್ದರಿಂದ ಆತನ ಮತವನ್ನು ಇತರರು ಅರ್ಧಂಬರ್ಧವಾಗಿ ಕೇಳಿ, ಶವದ ಸೋಂಕೊಂದೇ ರೋಗಕ್ಕೆ ಕಾರಣವೆಂದು ಆತನು ಹೇಳುತ್ತಾನೆಂದು ತಪ್ಪಾಗಿ ತಿಳಿದರು. ಶವಗಳೇ ಇಲ್ಲದ ಕಡೆಯಲ್ಲೂ ಜ್ವರ ಬರುವುದನ್ನು ತೋರಿಸಿ ಆತನನ್ನು ಅಲ್ಲಗಳೆದರು. ಸತ್ಯವನ್ನು ಕಾಣುವುದು ಎಷ್ಟು ಮುಖ್ಯವೋ ಅದನ್ನು ಇತರರಿಗೆ ತಿಳಿಯುವಂತೆ ಹೇಳುವುದೂ ಅಷ್ಟೇ ಮುಖ್ಯ.

1849ರ ಮಾರ್ಚಿಯಲ್ಲಿ ಆತನ ಕೆಲಸದ ಅವಧಿ ಮುಗಿಯಿತು. ಪ್ರೊಫೆಸರ್ ಕ್ಲೈನನು ಅದನ್ನು ಮುಂದುವರಿಸಲಿಲ್ಲ. ಅದಕ್ಕೆ ಹಿಂದಿನ ವರ್ಷ ವಿಯೆನ್ನಾದಲ್ಲಿಯೂ ಹಂಗೆರಿಯಲ್ಲಿಯೂ ಕ್ರಾಂತಿಯಾಗಿ, ಹಂಗೆರಿಯವರ ಮೇಲೆ ಆಳುವವರಿಗೆ ಸಂಶಯವಿದ್ದ ಕಾಲವದು. 1850ರಲ್ಲಿ ಬಹುಪ್ರಯತ್ನದಿಂದ ಅಧ್ಯಾಪಕನ ಹುದ್ದೆಯೊಂದು ದೊರೆತರೂ ಪಾಠಕ್ಕೆ ಬೊಂಬೆಗಳನ್ನು ಮಾತ್ರ ಬಳಸಬೇಕೆಂಬ ನಿರ್ಬಂಧವನ್ನು ಹಾಕಲಾಯಿತು. ಇದರಿಂದ ನೊಂದು, ಹಿತೈಷಿಗಳಿಗೂ ಹೇಳದೆ, ಆತನು ವಿಯೆನ್ನಾವನ್ನು ಬಿಟ್ಟು ಪೆಸ್ಟ್ ನಗರಕ್ಕೆ ಹೊರಟುಹೋದನು.

ಪೆಸ್ಟಿನ ಸೇಂಟ್ ರೋಕಸ್ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆತನು 1851ರಲ್ಲಿ ಸಂಬಳವಿಲ್ಲದೆ ಕೆಲಸಕ್ಕೆ ನಿಂತನು. ಅಲ್ಲಿಯೂ ಬಾಣಂತಿ ಜ್ವರ ಬೇರೂರಿತ್ತು. ಆತನ ಬೋಗುಣಿ ಅಲ್ಲಿಗೂ ಬಂದಿತು. 1855ರವರೆಗಿನ ಅವಧಿಯಲ್ಲಿ ನಡೆದ 933 ಹೆರಿಗೆಗಳಲ್ಲಿ ಜ್ವರದಿಂದ ಸತ್ತವರು 8 ಮಂದಿ. 1855ರಲ್ಲಿ ಪೆಸ್ಟ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದನು. ಕೈಗಳೊಂದೇ ಅಲ್ಲ, ಕೊಳೆಯಾದ ಹಾಸಿಗೆಯ ಬಟ್ಟೆಗಳೂ ಉಪಕರಣಗಳೂ ಸೋಂಕನ್ನು ಒಯ್ಯುತ್ತವೆಂದು ಕಂಡು, ಒಗೆದ ಬಟ್ಟೆಗಳಿಗಾಗಿ ಅಧಿಕಾರಿಗಳೊಡನೆ ಹೋರಾಡಿದನು. 1857ರಲ್ಲಿ ಮರಿಯಾ ವೈಡೆನ್‌ಹೋಫರ್ ಎಂಬವಳನ್ನು ಮದುವೆಯಾದನು. ಆ ದಂಪತಿಗಳಿಗೆ ಐವರು ಮಕ್ಕಳು ಹುಟ್ಟಿ, ಅವರಲ್ಲಿ ಇಬ್ಬರು ಎಳವೆಯಲ್ಲಿಯೇ ತೀರಿಕೊಂಡರು.

ಕೊನೆಗೂ 1861ರಲ್ಲಿ ಬಾಣಂತಿ ಜ್ವರದ ಕಾರಣ, ಸ್ವರೂಪ ಮತ್ತು ತಡೆಯುವ ಬಗೆಯನ್ನು ಕುರಿತ ಆತನ ಬೃಹದ್ಗ್ರಂಥ ಜರ್ಮನ್ ಭಾಷೆಯಲ್ಲಿ ಬೆಳಕಿಗೆ ಬಂದಿತು. ಆದರೆ ಅದಕ್ಕೆ ಸಿಕ್ಕ ಸ್ವಾಗತ ತಣ್ಣಗಿತ್ತು. ಬರ್ಲಿನ್ನಿನ ವಿರ್ಕೋನಂಥ ಘನವಿದ್ವಾಂಸನೂ ಆತನ ಸಿದ್ಧಾಂತವನ್ನು ಒಪ್ಪಲಿಲ್ಲ. ಪ್ರತಿದಿನ ತಾಯಂದಿರು ಸಾಯುತ್ತಿರುವಾಗ ಪಂಡಿತರು ವಾದಮಾಡುತ್ತ ಕುಳಿತಿರುವುದನ್ನು ಆತನಿಂದ ಸಹಿಸಲಾಗಲಿಲ್ಲ. ತನ್ನನ್ನು ವಿರೋಧಿಸಿದ ಪ್ರಾಧ್ಯಾಪಕರಿಗೆ ಬಹಿರಂಗ ಪತ್ರಗಳನ್ನು ಬರೆದು, ಅವರನ್ನು ಕೊಲೆಗಾರರೆಂದೇ ಕರೆದನು. ಮಾತು ಸತ್ಯದ ಬೆಂಕಿಯಿಂದ ಬಂದಿದ್ದರೂ ಅದರ ಬಿಸಿಗೆ ಒಲಿಯಬಹುದಾಗಿದ್ದವರೂ ದೂರ ಸರಿದರು.

ಒಂಟಿತನದಿಂದಲೂ ಆಶಾಭಂಗದಿಂದಲೂ ಆತನ ಆರೋಗ್ಯ ಕುಸಿಯಿತು. 1865ರ ವೇಳೆಗೆ ನಡೆನುಡಿಗಳಲ್ಲಿ ವಿಪರೀತವಾದ ಬದಲಾವಣೆ ಕಂಡುಬಂದಿತು. ಆ ವರ್ಷದ ಜುಲೈ ತಿಂಗಳ ಕೊನೆಯಲ್ಲಿ ಆತನನ್ನು ವಿಯೆನ್ನಾಕ್ಕೆ ಕರೆದುಕೊಂಡು ಹೋಗಿ, ಅಲ್ಲಿಯ ಮನೋರೋಗಿಗಳ ಆಸ್ಪತ್ರೆಯಲ್ಲಿ ಸೇರಿಸಿದರು. ತಾನೆಲ್ಲಿರುವೆನೆಂದು ತಿಳಿದಾಗ ಆತನು ಹೊರಕ್ಕೆ ಹೋಗಲೆಳಸಿದನು. ಕಾವಲುಗಾರರು ಆತನನ್ನು ಹಿಡಿದು ಕಟ್ಟಿದರು. ಆಗ ಆತನಿಗೆ ಬಲವಾದ ಪೆಟ್ಟುಗಳು ಬಿದ್ದುವು. ಎರಡು ವಾರಗಳೊಳಗೆ, ಆಗಸ್ಟ್ 13ರಂದು, ಕೊಳೆತ ಗಾಯದ ನಂಜು ರಕ್ತಕ್ಕೇರಿ ಆತನು ಕೊನೆಯುಸಿರೆಳೆದನು. ಆಗ ಆತನಿಗೆ 47 ವರ್ಷ. ಯಾವ ಬಗೆಯ ನಂಜಿನಿಂದ ತಾಯಂದಿರನ್ನು ಕಾಪಾಡಲು ಹೋರಾಡಿದ್ದನೋ ಅದೇ ಬಗೆಯ ನಂಜು ಆತನನ್ನೂ ಕೊಂದಿತು.

ಆತನು ಸಾಯುವುದಕ್ಕೆ ಒಂದು ದಿನ ಮೊದಲು, ಆಗಸ್ಟ್ 12ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರನು ಕಾಲಿನ ಮೂಳೆ ಮುರಿದು ಗಾಯಗೊಂಡಿದ್ದ 11 ವರ್ಷದ ಬಾಲಕನೊಬ್ಬನಿಗೆ ಕಾರ್ಬಾಲಿಕ್ ಆಮ್ಲದ ಪಟ್ಟಿಯನ್ನು ಕಟ್ಟಿದನು. ಗಾಯವು ಕೀವಾಗದೆ ಮಾಯಿತು. ನಂಜುನಿವಾರಕ ಶಸ್ತ್ರಚಿಕಿತ್ಸೆ ಅಂದಿನಿಂದ ಬೆಳೆಯಿತು. 1879ರಲ್ಲಿ ಲೂಯಿ ಪಾಶ್ಚರನು ಪ್ಯಾರಿಸ್ಸಿನ ವೈದ್ಯ ಅಕಾಡೆಮಿಯಲ್ಲಿ, ಬಾಣಂತಿ ಜ್ವರಕ್ಕೆ ಕಾರಣವಾದ ಸರಪಣಿಯಂಥ ಸೂಕ್ಷ್ಮಾಣುವಿನ ಚಿತ್ರವನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದನು. ಸೆಮ್ಮೆಲ್‌ವೈಸನು ಕಣಗಳೆಂದು ಊಹಿಸಿದ್ದುದಕ್ಕೆ ಆಗ ರೂಪವೂ ಹೆಸರೂ ದೊರೆತುವು. ಆತನ ಹುಟ್ಟಿದ ಮನೆ ಇಂದು ವೈದ್ಯಶಾಸ್ತ್ರದ ಇತಿಹಾಸದ ವಸ್ತುಸಂಗ್ರಹಾಲಯವಾಗಿದೆ. ಆತನ ಅಸ್ಥಿಗಳನ್ನು ಅಲ್ಲಿಯೇ ಇರಿಸಲಾಗಿದೆ. ಬುಡಾಪೆಸ್ಟಿನ ವೈದ್ಯ ವಿಶ್ವವಿದ್ಯಾನಿಲಯವು 1969ರಿಂದ ಆತನ ಹೆಸರನ್ನು ಧರಿಸಿದೆ.

ಹೆರಿಗೆಯನ್ನು ಗಮನಿಸುವ ವಿದ್ಯೆಯೂ ಆತನ ಕಾಲದಿಂದ ಬಹಳ ಮುಂದೆ ಬಂದಿದೆ. ಗರ್ಭಕೋಶದ ಬಾಯಿ ತೆರೆಯುವ ವೇಗವನ್ನು ಗೆರೆಯ ಚಿತ್ರವಾಗಿ ಬರೆಯಬಹುದೆಂದು ಅಮೆರಿಕದ ಎಮಾನ್ಯುಯೆಲ್ ಫ್ರೀಡ್‌ಮನ್ನನು 1954ರಲ್ಲಿ ತೋರಿಸಿದನು. 1972ರಲ್ಲಿ ಆಫ್ರಿಕದ ಅಂದಿನ ರೊಡೇಷಿಯದಲ್ಲಿ ಫಿಲ್‌ಪಾಟ್ ಮತ್ತು ಕ್ಯಾಸಲ್ ಎಂಬ ವೈದ್ಯರು, ವೈದ್ಯರಿಲ್ಲದ ಹಳ್ಳಿಯ ಸೂಲಗಿತ್ತಿಯರೂ ಹೆರಿಗೆ ದಾರಿತಪ್ಪುವುದನ್ನು ಹೊತ್ತಿಗೆ ಮೊದಲೇ ಗುರುತಿಸಿ ತಾಯಿಯನ್ನು ದೊಡ್ಡಾಸ್ಪತ್ರೆಗೆ ಕಳುಹಿಸಲು ಅನುಕೂಲವಾಗುವಂತೆ, ಆ ಚಿತ್ರದಲ್ಲಿ ಎಚ್ಚರಿಕೆಯ ಗೆರೆಗಳನ್ನು ಎಳೆದರು. ಪಾರ್ಟೋಗ್ರಾಫ್ ಎಂಬ ಈ ಹಾಳೆ ನಮ್ಮ ದೇಶದ ಹೆರಿಗೆಯ ವಾರ್ಡುಗಳಿಗೂ ಬಂದಿತು. ತಾಯಿಯ ನಾಡಿ, ರಕ್ತದೊತ್ತಡ, ನೋವಿನ ಲೆಕ್ಕ, ಮಗುವಿನ ಎದೆಬಡಿತ, ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದೆ ಎಂಬ ಅಳತೆ ಇವೆಲ್ಲವೂ ಹೊತ್ತು ಹೊತ್ತಿಗೆ ಅದರಲ್ಲಿ ದಾಖಲಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಈ ಹಾಳೆಯ ಹೊಸ ರೂಪವೊಂದನ್ನು ಹೊರತಂದಿತು.

ಆ ಸಂಸ್ಥೆಯ ಸಲಹೆಯಂತೆ, ಹೆರಿಗೆಯ ನೋವು ಬಲಗೊಂಡ ಮೇಲೆ ಎಲ್ಲವೂ ಸರಿಯಾಗಿದ್ದರೆ ಒಳಪರೀಕ್ಷೆಯನ್ನು ನಾಲ್ಕು ಗಂಟೆಗಳಿಗೊಮ್ಮೆ ಮಾಡಿದರೆ ಸಾಕು. ಒಬ್ಬಳೇ ತಾಯಿಯನ್ನು ಹಲವರು ಮತ್ತೆ ಮತ್ತೆ ಪರೀಕ್ಷಿಸಬಾರದು. ಹೆಚ್ಚು ಪರೀಕ್ಷೆಗಳಿಂದ ಸೋಂಕು ಹೆಚ್ಚೆಂಬುದೇ ಇದಕ್ಕೆ ಮುಖ್ಯ ಕಾರಣ. ನೋವು ಎಳೆದ ಎಳೆಯ ತಾಯಂದಿರು ವಿಯೆನ್ನಾದಲ್ಲಿ ಏಕೆ ಸಾಯುತ್ತಾರೆಂದು ಕೇಳಿದವನು ಕಂಡುಕೊಂಡ ಉತ್ತರವೇ ಇಂದು ನಿಯಮವಾಗಿ ನಿಂತಿದೆ. ಬಾಣಂತಿ ಜ್ವರ ಜಗತ್ತಿನಿಂದ ಪೂರ್ಣವಾಗಿ ತೊಲಗಿಲ್ಲ. ಶುಚಿತ್ವಕ್ಕೆ ಚ್ಯುತಿ ಬಂದೆಡೆಯಲ್ಲಿ ಅದು ಇಂದಿಗೂ ತಾಯಂದಿರನ್ನು ಕೊಲ್ಲುತ್ತದೆ. ಆದುದರಿಂದ ದಾದಿಯೊಬ್ಬಳು ನೋವುಣ್ಣುವ ತಾಯಿಯ ಬಳಿಗೆ ಹೋಗುವ ಮೊದಲು ನಲ್ಲಿಯ ಕೆಳಗೆ ಕೈಯನ್ನು ಮೊಣಕೈವರೆಗೂ ಉಜ್ಜಿ ತೊಳೆಯುತ್ತಾಳೆ, ಶುದ್ಧವಾದ ಕೈಗವಸನ್ನು ತೊಡುತ್ತಾಳೆ. ಬಳಿಕವೇ ಆ ತಾಯಿಯನ್ನು ಮುಟ್ಟುತ್ತಾಳೆ.